ಸ್ಟಿಕ್ಕರ್ ಅಂಗಡಿಯ ಲೆಕ್ಕ

(ಶಾಲೆಯ ಸುವರ್ಣ ಮಹೋತ್ಸವದ ಎರಡನೇ ದಿನ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಆಹ್ವಾನ ಪತ್ರಿಕೆಯಲ್ಲಿ ನನ್ನ ಹೆಸರಿನ ಮುಂದೆ 'ಸಾಫ್ಟ್‌ವೇರ್ ಕ್ಷೇತ್ರದಲ್ಲಿ ಅವಕಾಶಗಳು' ಎಂದು ಅಚ್ಚಾಗಿದೆ. ಅದರ ಬಗ್ಗೆ ಈ ಮಕ್ಕಳಿಗೆ ಮೊಬೈಲಿನಲ್ಲೇ ಬೇಕಾದಷ್ಟು ಸಿಗುತ್ತದೆ. ಹೋದ ವಾರ ಕನ್ನಡ ಮೇಷ್ಟ್ರಿಗೆ ಫೋನ್ ಮಾಡಿ, "ಸಾರ್, ನಾನು ನನ್ನ ತಮ್ಮನ ಅಂಗಡಿ ಬಗ್ಗೆ ಮಾತಾಡ್ಲಾ?" ಅಂತ ಕೇಳಿದೆ. "ಮಾತಾಡಪ್ಪ, ಇಪ್ಪತ್ತು ನಿಮಿಷ ದಾಟಬೇಡ, ಊಟ ಆರಿ ಹೋಗುತ್ತೆ" ಅಂದರು. ಆದ್ದರಿಂದ ನೇರವಾಗಿ ವಿಷಯಕ್ಕೆ ಬರುತ್ತೇನೆ.

ನಾನು 2004ರಲ್ಲಿ ಇಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದೆ. ತಮ್ಮ ನನಗಿಂತ ಐದು ವರ್ಷ ಹಿಂದೆ. ನಾನು ಬಿ.ಇ. ಮಾಡಿ ಬೆಂಗಳೂರಿಗೆ ಹೋದೆ. ಅವನಿಗೆ ಪಿಯುಸಿ ಹತ್ತಲಿಲ್ಲ. ತಿಪಟೂರಿನಲ್ಲಿ ಒಂದು ರೇಡಿಯಂ ಸ್ಟಿಕ್ಕರ್ ಅಂಗಡಿಗೆ ಸೇರಿಕೊಂಡ. ಬೈಕಿನ ನಂಬರ್, ಆಟೋ ಹಿಂದೆ 'ತಾಯಿಯ ಆಶೀರ್ವಾದ', ಟ್ರ್ಯಾಕ್ಟರಿನ ಮುಂದೆ ದೇವರ ಹೆಸರು, ಇವನ್ನೆಲ್ಲ ಕತ್ತರಿಸಿ ಅಂಟಿಸುವ ಕೆಲಸ. ನಮ್ಮ ಡ್ರಾಯಿಂಗ್ ಮೇಷ್ಟ್ರು ಅವನ ಕೈಬರಹ ಮೆಚ್ಚಿ ಗಣರಾಜ್ಯೋತ್ಸವದ ಬೋರ್ಡುಗಳನ್ನೆಲ್ಲ ಅವನ ಕೈಲೇ ಬರೆಸುತ್ತಿದ್ದದ್ದು ಇಲ್ಲಿರುವ ಕೆಲವರಿಗಾದರೂ ನೆನಪಿರಬಹುದು. ಮನೆಗೆ ಬಂದ ನೆಂಟರು ಮಾತ್ರ "ದೊಡ್ಡವನು ಇಂಜಿನಿಯರ್ರು, ಚಿಕ್ಕವನು ಏನೋ ಸ್ಟಿಕ್ಕರ್ ಅಂಟಿಸ್ತಾನೆ" ಅನ್ನುತ್ತಿದ್ದರು. ಆ 'ಏನೋ' ಅನ್ನುವುದು ಏನು ಅಂತ ಇವತ್ತು ಹೇಳಬೇಕು.

ನೀವು ಬೆಂಗಳೂರಿನಲ್ಲಿ ಮೈತುಂಬಾ ಜಾಹೀರಾತು ಹೊತ್ತ ಬಸ್ಸು ನೋಡಿರುತ್ತೀರಿ. ಹೊಳಪಿಲ್ಲದ ಬೂದು ಬಣ್ಣದ, ಮುಟ್ಟಿದರೆ ರೇಷ್ಮೆಯ ಹಾಗಿರುವ ಕಾರೂ ನೋಡಿರುತ್ತೀರಿ. ಅದು ಬಹುತೇಕ ಪೇಂಟ್ ಅಲ್ಲ, ವಿನೈಲ್ ಎಂಬ ತೆಳು ಹಾಳೆ. ಹಿಂದೆ ಅಂಟು, ಮುಂದೆ ಬಣ್ಣ. ಗಾಡಿಯ ಮೈಗೆ ಬಟ್ಟೆ ತೊಡಿಸಿದ ಹಾಗೆ ಸುತ್ತುವುದಕ್ಕೆ ರ‍್ಯಾಪಿಂಗ್ ಅನ್ನುತ್ತಾರೆ. ಬೇಡ ಅನ್ನಿಸಿದಾಗ ಬಿಚ್ಚಬಹುದು, ಒಳಗಿನ ಪೇಂಟ್ ಇದ್ದ ಹಾಗೇ ಇರುತ್ತದೆ. ಜರ್ಮನಿಯಲ್ಲಿ ಟ್ಯಾಕ್ಸಿಗಳು ದಂತದ ಬಣ್ಣದಲ್ಲಿರಬೇಕು ಎಂಬ ಕಟ್ಟಳೆ ಇತ್ತು. ಆ ಬಣ್ಣದ ಕಾರನ್ನು ಆಮೇಲೆ ಮಾರುವುದು ಕಷ್ಟ. ಅದಕ್ಕೆ ಅಲ್ಲಿನ ಟ್ಯಾಕ್ಸಿಯವರು ಬೇರೆ ಬಣ್ಣದ ಕಾರು ಕೊಂಡು, ಮೇಲೆ ದಂತದ ಬಣ್ಣದ ಫಿಲ್ಮ್ ಹೊದಿಸಿ ಓಡಿಸಿ, ಮಾರುವಾಗ ಕಿತ್ತು ಕೊಡುತ್ತಿದ್ದರು. ಶೋಕಿಗಿಂತ ಮೊದಲು ಈ ಕೆಲಸಕ್ಕೆ ಇಂಥ ಲೆಕ್ಕಾಚಾರದ ಉಪಯೋಗವೂ ಇತ್ತು.

2020ರಲ್ಲಿ ಲಾಕ್‌ಡೌನ್ ಆಗಿ ನಾನು ಊರಿಗೆ ಬಂದು ಮನೆಯಿಂದಲೇ ಕೆಲಸ ಮಾಡುತ್ತಿದ್ದೆ. ತಮ್ಮನ ಅಂಗಡಿ ಮುಚ್ಚಿತ್ತು. ಒಂದು ರಾತ್ರಿ ಜಗಲಿಯ ಮೇಲೆ ಕೂತು, "ಅಣ್ಣ, ನಾನು ಸ್ವಂತ ಮಾಡ್ತೀನಿ. ರೇಡಿಯಂ ಜೊತೆಗೆ ರ‍್ಯಾಪಿಂಗೂ ಕಲೀತೀನಿ" ಅಂದ. ಅಪ್ಪ ಒಳಗಿನಿಂದಲೇ, "ಸ್ಟಿಕ್ಕರ್ ಅಂಟಿಸೋಕೆ ಸಾಲ ಬೇರೆ ಮಾಡ್ತಾನಂತೆ" ಅಂದರು. ಅಮ್ಮ ಒಂದೇ ಷರತ್ತು ಹಾಕಿದಳು: ಏನಾದರೂ ಮಾಡಿಕೊಳ್ಳಿ, ತೋಟದ ಪಹಣಿ ಬ್ಯಾಂಕಿನ ಬಾಗಿಲು ತುಳಿಯಬಾರದು. ನಮ್ಮ ಎರಡೂವರೆ ಎಕರೆ ತೆಂಗಿನ ತೋಟದ ಮೇಲೆ ತಾತನ ಕಾಲದಲ್ಲಿ ಒಂದು ಸಾಲ ಇತ್ತು. ಅದನ್ನು ತೀರಿಸಿದ್ದು ಅಮ್ಮನ ಒಡವೆ. ಹಾಗಾಗಿ ಆ ಷರತ್ತನ್ನು ಇಬ್ಬರೂ ಎದುರು ಮಾತಾಡದೆ ಒಪ್ಪಿಕೊಂಡೆವು.

ಮೊದಲು ಕಲಿಕೆ. ತಮ್ಮ ಬೆಂಗಳೂರಿನ ಒಂದು ಕಡೆ ಮೂರು ದಿನದ ತರಬೇತಿಗೆ ಮೂವತ್ತು ಸಾವಿರ ಕಟ್ಟಿದ. ಒಂದೇ ಬಾನೆಟ್ ಸುತ್ತ ಹದಿನಾಲ್ಕು ಜನ ನಿಂತಿದ್ದರಂತೆ. ಪ್ರತಿಯೊಬ್ಬರ ಕೈಗೆ ಹೀಟ್ ಗನ್ ಸಿಕ್ಕಿದ್ದು ಹತ್ತು ಹತ್ತು ನಿಮಿಷ. ಮೂರನೇ ದಿನ ಸಂಜೆ ಸರ್ಟಿಫಿಕೇಟ್, ಗ್ರೂಪ್ ಫೋಟೋ. ಆ ಸರ್ಟಿಫಿಕೇಟ್ ಈಗಲೂ ಅಂಗಡಿಯಲ್ಲಿದೆ, ಗೋಡೆಯ ಬಿರುಕು ಮುಚ್ಚಲು ಸರಿಯಾದ ಅಳತೆ. ಆಮೇಲೆ ಅವನು ಮಾಡಿದ್ದು ಸರಿಯಾದ ಕೆಲಸ. ಬೆಂಗಳೂರಿನಲ್ಲೇ ಒಂದು ರ‍್ಯಾಪ್ ಅಂಗಡಿಯಲ್ಲಿ ಎಂಟು ತಿಂಗಳು ಹೆಲ್ಪರ್ ಆಗಿ ದುಡಿದ. ಮೊದಲ ಎರಡು ತಿಂಗಳು ಅವನಿಗೆ ಫಿಲ್ಮ್ ಮುಟ್ಟಲು ಬಿಡಲಿಲ್ಲ. ಗಾಡಿ ತೊಳೆಯುವುದು, ಮೈ ಒರೆಸುವುದು, ಬಾಗಿಲ ಹಿಡಿ, ಲೈಟು, ಲೋಗೋ ಬಿಚ್ಚಿ ಜೋಪಾನವಾಗಿ ಜೋಡಿಸಿಡುವುದು, ಇಷ್ಟೇ.

ಕಸುಬಿನ ಅರ್ಧ ಅದೇ ಅಂತ ನನಗೆ ಆಮೇಲೆ ತಿಳಿಯಿತು. ಗಾಡಿಯ ಮೈ ಮೇಲೆ ಕಣ್ಣಿಗೆ ಕಾಣದ ಮೇಣ, ಎಣ್ಣೆ, ಟಾರಿನ ಚುಕ್ಕಿ ಇರುತ್ತದೆ. ಶಾಂಪೂ ಹಾಕಿ ತೊಳೆದು, ಕೊನೆಗೆ ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ನೂಲು ಬಿಡದ ಬಟ್ಟೆಯಲ್ಲಿ ಒರೆಸಬೇಕು. ಬಾಗಿಲಿನ ಅಂಚು, ರಬ್ಬರಿನ ಕೆಳಗೆ, ಚಕ್ರದ ಕಮಾನಿನ ಒಳಗೆ, ಅಂದರೆ ಯಾರೂ ನೋಡದ ಜಾಗದಲ್ಲಿ, ಹೆಚ್ಚು ಒರೆಸಬೇಕು. ಫಿಲ್ಮ್ ಏಳುವುದಕ್ಕೆ ಶುರುವಾಗುವುದು ಅಂಚಿನಿಂದಲೇ. ಕಾರಿನ ಬಾಗಿಲು ತೆರೆದು ಅಂಚು ನೋಡಿದರೆ ಸಾಕು, ಅಂಟಿಸಿದವನ ಯೋಗ್ಯತೆ ತಿಳಿಯುತ್ತದೆ.

ಇನ್ನು ಸಾಮಾನು. ಇಲ್ಲಿ ಸ್ವಲ್ಪ ವಿಜ್ಞಾನ ಹೇಳುತ್ತೇನೆ, ಮೇಡಂ ಖುಷಿಪಡುತ್ತಾರೆ. ವಿನೈಲ್ ಅಂದರೆ ಪಿ.ವಿ.ಸಿ. ನಿಮ್ಮ ಬೋರ್‌ವೆಲ್ ಪೈಪೂ ಅದೇ. ಪೈಪು ಗಟ್ಟಿ, ಹಾಳೆ ಮೆದು. 1926ರಲ್ಲಿ ಅಮೆರಿಕದ ಗುಡ್‌ರಿಚ್ ಕಂಪನಿಯಲ್ಲಿ ವಾಲ್ಡೋ ಸೆಮನ್ ಎಂಬ ರಸಾಯನಶಾಸ್ತ್ರಜ್ಞ, ರಬ್ಬರನ್ನು ಲೋಹಕ್ಕೆ ಅಂಟಿಸುವ ಅಂಟು ಹುಡುಕುತ್ತಾ, ಪಿ.ವಿ.ಸಿ.ಯನ್ನು ಮೆದು ಮಾಡುವ ದಾರಿ ಕಂಡುಕೊಂಡ. ಆ ಮೆದುಗೊಳಿಸುವ ವಸ್ತುವಿಗೆ ಪ್ಲಾಸ್ಟಿಸೈಸರ್ ಅನ್ನುತ್ತಾರೆ.

ಈ ಹಾಳೆಯನ್ನು ಎರಡು ಬಗೆಯಲ್ಲಿ ಮಾಡುತ್ತಾರೆ. ಒಂದು, ಕಾದ ರೋಲರುಗಳ ನಡುವೆ ಒತ್ತಿ ತೆಳ್ಳಗೆ ಮಾಡುವುದು. ಇದಕ್ಕೆ ಕ್ಯಾಲೆಂಡರ್ಡ್ ಫಿಲ್ಮ್ ಎಂದು ಹೆಸರು. ಇನ್ನೊಂದು, ದ್ರವವನ್ನು ಒಂದು ಹಾಳೆಯ ಮೇಲೆ ತೆಳ್ಳಗೆ ಹುಯ್ದು ಒಲೆಯಲ್ಲಿ ಬೇಯಿಸುವುದು. ಇದು ಕ್ಯಾಸ್ಟ್ ಫಿಲ್ಮ್. ಅಮ್ಮನಿಗೆ ಅರ್ಥ ಮಾಡಿಸಲು ತಮ್ಮ ಹೇಳಿದ್ದು ಹೀಗೆ: ಒಂದು ಚಪಾತಿ, ಇನ್ನೊಂದು ದೋಸೆ. ಚಪಾತಿಯನ್ನು ಲಟ್ಟಿಸಿ ಬಿಟ್ಟರೆ ಸ್ವಲ್ಪ ಹಿಂದಕ್ಕೆ ಸೇದಿಕೊಳ್ಳುತ್ತದೆ. ದೋಸೆ ಹುಯ್ದ ಜಾಗದಲ್ಲೇ ಇರುತ್ತದೆ. ಕ್ಯಾಲೆಂಡರ್ಡ್ ಹಾಳೆಯನ್ನು ಬಂಪರಿನ ತಿರುವಿಗೆ ಎಳೆದು ಅಂಟಿಸಿದರೆ ಅಂದಿಗೆ ಚೆನ್ನಾಗಿಯೇ ಕಾಣುತ್ತದೆ. ನಾಲ್ಕು ಬಿಸಿಲು ಬಿದ್ದ ಮೇಲೆ ತನ್ನ ಹಳೆಯ ಅಳತೆಗೆ ಕುಗ್ಗಿ ಅಂಚು ಬಿಡುತ್ತದೆ. ಕ್ಯಾಸ್ಟ್ ಹಾಳೆ ತೆಳು, ಸುಮಾರು 50 ಮೈಕ್ರಾನ್, ತಿರುವಿಗೆ ಒಗ್ಗುತ್ತದೆ, ಆದರೆ ದುಬಾರಿ. ಚಪ್ಪಟೆ ಜಾಗಕ್ಕೆ, ಅಂದರೆ ಗೂಡ್ಸ್ ಗಾಡಿಯ ಪಕ್ಕಕ್ಕೆ, ಕ್ಯಾಲೆಂಡರ್ಡ್ ಸಾಕು. ಪೂರ್ತಿ ಕಾರಿಗೆ ಕ್ಯಾಸ್ಟೇ ಬೇಕು. ಗಿರಾಕಿಗೆ ದೋಸೆಯ ದುಡ್ಡು ಹೇಳಿ ಚಪಾತಿ ಬಡಿಸುವವರು ಈ ವ್ಯಾಪಾರದಲ್ಲಿ ಇದ್ದಾರೆ. ಹೆಸರಾಂತ ಕಂಪನಿಯ ಮುದ್ರೆ ಹಾಕಿದ ನಕಲಿ ರೋಲೂ ಸಿಗುತ್ತದೆ. ತಮ್ಮ ಬಿಲ್ ಕೊಡುವ ಡೀಲರಿನಿಂದ ಮಾತ್ರ ತರುತ್ತಾನೆ, ರೋಲಿನ ಲೇಬಲ್ ಗಿರಾಕಿಗೆ ತೋರಿಸಿಯೇ ಬಿಚ್ಚುತ್ತಾನೆ.

ಒಳ್ಳೆಯ ಫಿಲ್ಮಿನ ಅಂಟಿನಲ್ಲಿ ಸಣ್ಣ ಸಣ್ಣ ಕಾಲುವೆಗಳಿರುತ್ತವೆ. ಸ್ಕ್ವೀಜಿಯಿಂದ ಒತ್ತಿದಾಗ ಗಾಳಿ ಅದರೊಳಗಿಂದ ಹೊರಗೆ ಹೋಗುತ್ತದೆ, ಗುಳ್ಳೆ ನಿಲ್ಲುವುದಿಲ್ಲ. ಮೆಲ್ಲಗೆ ಕೂರಿಸಿದಾಗ ಎತ್ತಿ ಮತ್ತೆ ಕೂರಿಸಬಹುದು, ಒತ್ತಿದ ಮೇಲೆ ಹಿಡಿದುಕೊಳ್ಳುತ್ತದೆ. ಕೊನೆಯಲ್ಲಿ ತಿರುವುಗಳಿಗೆ ಹೀಟ್ ಗನ್ನಿನಿಂದ ಶಾಖ ಕೊಟ್ಟು, ತಯಾರಕರು ಹೇಳಿದ ಮಟ್ಟಕ್ಕೆ, ಸಾಮಾನ್ಯವಾಗಿ 90 ಡಿಗ್ರಿ ಸೆಲ್ಸಿಯಸ್ಸಿಗೂ ಮೇಲೆ, ಕಾಯಿಸಬೇಕು. ಆಗ ಹಾಳೆ ತನ್ನ ಹಳೆಯ ಆಕಾರವನ್ನು ಮರೆಯುತ್ತದೆ. ಇದನ್ನು ಅಂದಾಜಿನಲ್ಲಿ ಮಾಡುವವರೇ ಹೆಚ್ಚು. ತಮ್ಮ ಥರ್ಮಾಮೀಟರ್ ಹಿಡಿದು ನೋಡುತ್ತಾನೆ. ಪಿಯುಸಿ ಭೌತಶಾಸ್ತ್ರ ಹತ್ತದ ಹುಡುಗ ಇವನೇನಾ ಅಂತ ನಾನು ಒಂದೆರಡು ಸಲ ಪಕ್ಕದಲ್ಲಿ ನಿಂತು ನೋಡಿದ್ದೇನೆ.

ಬಿಸಿಲಲ್ಲಿ ಈ ಕೆಲಸ ಆಗುವುದಿಲ್ಲ. ಕಾದ ತಗಡಿನ ಮೇಲೆ ಹಾಳೆ ಮುಟ್ಟಿದ ಕೂಡಲೇ ಕಚ್ಚಿಕೊಳ್ಳುತ್ತದೆ. ಧೂಳಿದ್ದರೆ ಒಂದೊಂದು ಕಣವೂ ಮೊಡವೆಯ ಹಾಗೆ ಎದ್ದು ಕಾಣುತ್ತದೆ. ಬಿ.ಎಚ್. ರಸ್ತೆಯ ಮುಖಕ್ಕೆ ಅಂಗಡಿ ಮಾಡಿದರೆ ಗಿರಾಕಿ ಬರುತ್ತಾರೆ, ಧೂಳೂ ಬರುತ್ತದೆ. ಅದಕ್ಕೇ ರಸ್ತೆಯಿಂದ ಒಳಗೆ, ಹಳೆಯ ಕೊಬ್ಬರಿ ಗೋದಾಮು ಒಂದನ್ನು ಬಾಡಿಗೆಗೆ ಹಿಡಿದೆವು. ದಪ್ಪ ಗೋಡೆ, ಎತ್ತರದ ಮಾಡು, ಒಳಗೆ ತಂಪು. ನೆಲಕ್ಕೆ ಟೈಲ್ಸ್ ಹಾಕಿಸಿದೆವು, ಎರಡೂ ಪಕ್ಕಕ್ಕೆ ಉದ್ದದ ಟ್ಯೂಬ್‌ಲೈಟ್. ಈಗಲೂ ಮಳೆಗಾಲದಲ್ಲಿ ಕೊಬ್ಬರಿ ವಾಸನೆ ಬರುತ್ತದೆ.

ದುಡ್ಡಿನ ವಿಷಯ ಮಕ್ಕಳಿಗಿಂತ ಅವರ ಅಪ್ಪಂದಿರು ಕೇಳಿಸಿಕೊಳ್ಳಲಿ. ಒಟ್ಟು ಆರೂವರೆ ಲಕ್ಷ ಬೇಕಾಯಿತು. ಮುದ್ರಾ ಯೋಜನೆಯಲ್ಲಿ 50 ಸಾವಿರದವರೆಗಿನದು ಶಿಶು, ಅಲ್ಲಿಂದ 5 ಲಕ್ಷದವರೆಗೆ ಕಿಶೋರ. ಇದಕ್ಕೆ ಜಮೀನು ಅಡ ಇಡಬೇಕಿಲ್ಲ. ನಮ್ಮದು ಕಿಶೋರ, 4 ಲಕ್ಷ. ಬ್ಯಾಂಕಿಗೆ ಐದು ಸಲ ಅಲೆದೆವು. "ಇದು ಪ್ರಿಂಟಿಂಗಾ, ಗ್ಯಾರೇಜಾ, ಯಾವ ಕಾಲಂನಲ್ಲಿ ಹಾಕಲಿ?" ಎಂದು ಅಲ್ಲಿನ ಅಧಿಕಾರಿ ಕೇಳಿದಾಗ ತಮ್ಮ ತನ್ನ ಮೊಬೈಲ್ ಕೊಟ್ಟು, ಅದರ ಬೆನ್ನಿಗೆ ತಾನೇ ಸುತ್ತಿದ್ದ ಹಾಳೆ ತೋರಿಸಿದ. ಅವರು ಉಗುರಿನಿಂದ ಅಂಚು ಹುಡುಕಿದರು, ಸಿಗಲಿಲ್ಲ. ಸಾಲ ಸಿಕ್ಕಿದ್ದು ಅದರಿಂದಲೋ ನಾನು ಬರೆದ ಹನ್ನೊಂದು ಪುಟದ ವರದಿಯಿಂದಲೋ ಅಂತ ನಮ್ಮಿಬ್ಬರಲ್ಲಿ ಇನ್ನೂ ವಾದ ಇದೆ. ಉಳಿದದ್ದರಲ್ಲಿ ಒಂದೂವರೆ ಲಕ್ಷ ಅವನ ಉಳಿತಾಯ, ಒಂದು ಲಕ್ಷ ನನ್ನದು. ತಿಂಗಳ ಕಂತು ಎಂಟು ಸಾವಿರದ ಏಳುನೂರು.

ಎಲ್ಲರೂ ದೊಡ್ಡ ಪ್ರಿಂಟಿಂಗ್ ಯಂತ್ರ ತಗೊಳ್ಳಿ ಅಂದರು. ನಾವು ಅಕ್ಷರ ಕತ್ತರಿಸುವ ಸಣ್ಣ ಪ್ಲಾಟರ್ ಮಾತ್ರ ತಂದೆವು. ಚಿತ್ರದ ಪ್ರಿಂಟ್ ಬೇಕಾದರೆ ಹೊರಗೆ ಮಾಡಿಸುತ್ತೇವೆ. ಯಂತ್ರ ದಿನವೂ ಓಡದಿದ್ದರೆ ಶಾಯಿ ಒಣಗುತ್ತದೆ, ಕಂತು ಒಣಗುವುದಿಲ್ಲ.

ಅಂಗಡಿ 2021ರ ಅಕ್ಟೋಬರಿನಲ್ಲಿ ಶುರುವಾಯಿತು. ಮೊದಲ ವರ್ಷ ಪೂರ್ತಿ ಕಾರಿನ ಕೆಲಸ ಬಂದದ್ದು ಐದೇ ಐದು. ಒಂದು ಕಾರಿಗೆ ಒಂದೂವರೆ ಮೀಟರ್ ಅಗಲದ ಹಾಳೆ ಹದಿನೈದರಿಂದ ಇಪ್ಪತ್ತು ಮೀಟರ್ ಬೇಕು, ಇಬ್ಬರು ಮೂರು ನಾಲ್ಕು ದಿನ ದುಡಿಯಬೇಕು. ಮೊಬೈಲಿನಲ್ಲಿ ಕಾಣುವುದು ಇದು, ಆದರೆ ಅಂಗಡಿ ಬದುಕಿದ್ದು ಬೇರೆಯದರಿಂದ. ಸರಕು ಗಾಡಿಗಳು ಎಫ್.ಸಿ.ಗೆ ಹೋಗಬೇಕಾದರೆ ಪ್ರತಿಫಲನದ ಟೇಪ್ ಇರಬೇಕು: ಮುಂದೆ ಬಿಳಿ, ಪಕ್ಕಕ್ಕೆ ಹಳದಿ, ಹಿಂದೆ ಕೆಂಪು. ತಿಪಟೂರು ಕೊಬ್ಬರಿ ಮಾರುಕಟ್ಟೆಯ ಊರು, ಲಾರಿ, ಟೆಂಪೊಗಳಿಗೆ ಬರವಿಲ್ಲ. ಒಳ್ಳೆಯ ಟೇಪನ್ನು ಒರೆಸಿದ ಜಾಗಕ್ಕೆ ನೇರವಾಗಿ ಅಂಟಿಸುತ್ತಾನೆ ಎಂಬ ಹೆಸರು ಬಂತು. ಆಮೇಲೆ ಹಾಲಿನ ಟ್ಯಾಂಕರ್, ಕೇಟರಿಂಗ್ ವ್ಯಾನ್, ಆಂಬುಲೆನ್ಸ್. ಆಂಬುಲೆನ್ಸಿನ ಮುಂದೆ ಅಕ್ಷರಗಳನ್ನು ಕನ್ನಡಿ ಬಿಂಬದ ಹಾಗೆ ತಿರುಗಿಸಿ ಅಂಟಿಸಬೇಕು, ಮುಂದಿನ ಗಾಡಿಯವನು ತನ್ನ ಕನ್ನಡಿಯಲ್ಲಿ ನೇರವಾಗಿ ಓದಲಿ ಎಂದು. ಟ್ರ್ಯಾಕ್ಟರ್ ಟ್ರೈಲರಿಗೆ ಹಿಂದೆ ಲೈಟೇ ಇಲ್ಲದೆ ರಾತ್ರಿ ಓಡಿಸುವವರು ಈ ಸಭೆಯಲ್ಲೇ ನಾಲ್ಕು ಜನ ಇದ್ದೀರಿ, ಹೆಸರು ಹೇಳುವುದಿಲ್ಲ. ಟೇಪಿಗೆ ಆಗುವುದು ಒಂದು ದಿನದ ಡೀಸೆಲ್ ದುಡ್ಡು.

ಕನ್ನಡ ಅಕ್ಷರದ ಬಗ್ಗೆ ಒಂದು ಮಾತು, ಇದರಲ್ಲಿ ನನ್ನ ಕೈಯೂ ಇದೆ. ಗಾಡಿಯ ಮೇಲೆ 'ಶ್ರೀ' ಹೋಗಿ ಯಾವುದೋ ಚೌಕಳಿ ಆಗಿರುವುದನ್ನು, ಒತ್ತಕ್ಷರ ಪಕ್ಕಕ್ಕೆ ಜಾರಿರುವುದನ್ನು ನೀವು ನೋಡಿರುತ್ತೀರಿ. ನುಡಿಯಂಥ ಹಳೆಯ ಫಾಂಟುಗಳಲ್ಲಿ ಬರೆದದ್ದನ್ನು ಯೂನಿಕೋಡ್ ಎಂದು ಓದಿಸಿದರೆ, ಅಥವಾ ಪ್ರಿಂಟ್ ಮಾಡುವವರ ಕಂಪ್ಯೂಟರಿನಲ್ಲಿ ಆ ಫಾಂಟೇ ಇಲ್ಲದಿದ್ದರೆ ಹೀಗಾಗುತ್ತದೆ. ಬರೆದ ಮೇಲೆ ಅಕ್ಷರಗಳನ್ನು ಗೆರೆಗಳಾಗಿ ಬದಲಿಸಿ ಕಳಿಸಿದರೆ ಎಲ್ಲಿ ತೆರೆದರೂ ಅದೇ ಆಕಾರ. ನಾನು ಒಂದು ಸಣ್ಣ ಪ್ರೋಗ್ರಾಂ ಕೂಡ ಬರೆದುಕೊಟ್ಟಿದ್ದೇನೆ: ಗಾಡಿಯ ಅಳತೆ ಕೊಟ್ಟರೆ ಒಂದೊಂದು ಭಾಗವನ್ನು ರೋಲಿನ ಅಗಲದಲ್ಲಿ ಹೇಗೆ ಕೂರಿಸಿದರೆ ಹಾಳೆ ಕಡಿಮೆ ಹಾಳಾಗುತ್ತದೆ ಎಂದು ಹೇಳುತ್ತದೆ. ತಮ್ಮ ಅದನ್ನು ಹೊಸ ಮಾದರಿಯ ಗಾಡಿಗೆ ಬಳಸುತ್ತಾನೆ, ಹಳೆಯ ಗಾಡಿಗಳಿಗೆ ಅವನ ಕಣ್ಣಳತೆಯೇ ನನ್ನ ಪ್ರೋಗ್ರಾಮಿಗಿಂತ ಚುರುಕು.

ಈಗ ನಮ್ಮ ಸೋದರಮಾವನ ಕತೆ. ಅವರು ಇಲ್ಲೇ ಇದ್ದಾರೆ, ಹೇಳು ಅಂತ ಒಪ್ಪಿಗೆ ಕೊಟ್ಟಿದ್ದಾರೆ. ಎರಡನೇ ವರ್ಷ ಮಾವ ಸೆಕೆಂಡ್ ಹ್ಯಾಂಡ್ ಕಾರು ತಂದು, ಮಗಳ ಮದುವೆಯೊಳಗೆ ಬಣ್ಣ ಬದಲಾಗಬೇಕು ಅಂದರು. ಮುಂಗಡ ಮೇಜಿನ ಮೇಲೆ ಇಟ್ಟರು. ಆ ತಿಂಗಳು ಕೆಲಸ ಇರಲಿಲ್ಲ, ಕಂತು ಕಟ್ಟುವ ದಿನ ಹತ್ತಿರ ಇತ್ತು. ತಮ್ಮ ಬಾಗಿಲ ಮೇಲೆ ಬೆರಳಿನಿಂದ ತಟ್ಟಿದ, ಆಮೇಲೆ ಒಂದು ಅಯಸ್ಕಾಂತ ಇಟ್ಟ. ನಿಲ್ಲಲಿಲ್ಲ, ಬಿತ್ತು. "ಮಾವ, ಈ ಎರಡು ಡೋರು ಹೊರಗಡೆ ಪುಟ್ಟಿ ಹಾಕಿ ಪೇಂಟ್ ಮಾಡಿದ್ದಾರೆ. ಇವತ್ತು ಹಾಳೆ ಚೆನ್ನಾಗೇ ಕೂರುತ್ತೆ. ಮೂರು ವರ್ಷ ಬಿಟ್ಟು ಕೀಳುವಾಗ ಪೇಂಟೂ ಜೊತೆಗೆ ಬರುತ್ತೆ. ಇನ್ನೊಂದು, ಆರ್.ಸಿ.ಯಲ್ಲಿ ಬಿಳಿ ಅಂತಿದೆ. ಅದನ್ನ ಪೂರ್ತಿ ಕಪ್ಪು ಮಾಡೋಕೆ ಮುಂಚೆ ಆರ್.ಟಿ.ಓ. ಆಫೀಸಲ್ಲಿ ವಿಚಾರಿಸಬೇಕು" ಅಂದ. ಮಾವ, "ನಿಮ್ಮಣ್ಣ ಇಂಜಿನಿಯರ್ರು, ಅವನೂ ನನಗೆ ಇಷ್ಟು ಕಾನೂನು ಹೇಳಲ್ಲ ಕಣೋ" ಅಂತ ಮುಂಗಡ ಎತ್ತಿಕೊಂಡು ಹೋದರು. ಮದುವೆಗೆ ನಮ್ಮನ್ನು ಕರೆದರು, ಆದರೆ ಕಾರ್ಡು ಪೋಸ್ಟಿನಲ್ಲಿ ಬಂತು. ಅಮ್ಮ ಎಷ್ಟು ಅತ್ತಳು ಅಂತ ನಮಗೆ ಗೊತ್ತು. "ಮನೆಯವರಿಗೆ ಇಲ್ಲ ಅಂತೀಯಲ್ಲೋ" ಅಂತ ಅಪ್ಪ ಎರಡು ತಿಂಗಳು ಅಂಗಡಿ ಕಡೆ ಹೋಗಲಿಲ್ಲ. ಆ ತಿಂಗಳ ಕಂತನ್ನು ತಮ್ಮ ತನ್ನ ಬೈಕ್ ಮಾರಿ ಕಟ್ಟಿದ. ನನ್ನ ಹತ್ತಿರ ಕೇಳಲಿಲ್ಲ, ನನಗೆ ತಿಳಿದದ್ದು ಅಂಗಡಿ ಮುಂದೆ ಸೈಕಲ್ ನೋಡಿದಾಗ. ಮಾವ ಮುಂದಿನ ವರ್ಷ ತಮ್ಮ ಟ್ರ್ಯಾಕ್ಟರಿನ ಟೇಪಿಗೆ ಬಂದರು. ಕಾರಿನ ಬಗ್ಗೆ ಇಬ್ಬರೂ ಮಾತೆತ್ತಲಿಲ್ಲ, ಟೀ ಕುಡಿದರು.

ಕಾನೂನಿನ ವಿಷಯ ಬಂದದ್ದರಿಂದ ಹೇಳಿಬಿಡುತ್ತೇನೆ. ಆರ್.ಸಿ.ಯಲ್ಲಿ ನಮೂದಾದ ವಿವರಕ್ಕೆ ವ್ಯತ್ಯಾಸ ಬರುವಂತೆ ಗಾಡಿ ಮಾರ್ಪಾಡು ಮಾಡುವುದನ್ನು 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ತಡೆಯುತ್ತದೆ, ಬಣ್ಣ ಆರ್.ಸಿ.ಯಲ್ಲಿ ಇರುತ್ತದೆ. ಇರುವ ಬಣ್ಣದ ಮೇಲೆ ಹೆಸರು, ಪಟ್ಟಿ ಹಾಕಿಸುವುದು ಬೇರೆ, ಗಾಡಿಯ ಬಣ್ಣವನ್ನೇ ಬದಲಿಸುವುದು ಬೇರೆ. ಗಾಜಿಗೆ ಕಪ್ಪು ಫಿಲ್ಮ್ ಹಾಕುವುದರ ವಿರುದ್ಧ 2012ರಲ್ಲಿ ಸುಪ್ರೀಂ ಕೋರ್ಟ್ ಆದೇಶ ಕೊಟ್ಟಿದೆ. ತಮ್ಮ ಗಾಜನ್ನು ಮುಟ್ಟುವುದೇ ಇಲ್ಲ, ನಂಬರ್ ಪ್ಲೇಟನ್ನೂ ಮುಟ್ಟುವುದಿಲ್ಲ. ಗಿರಾಕಿ ಬೇರೆ ಅಂಗಡಿಗೆ ಹೋಗುತ್ತಾರೆ, ಹೋಗಲಿ.

ಈಗ ಅಂಗಡಿಯಲ್ಲಿ ಅವನನ್ನು ಬಿಟ್ಟು ಮೂವರಿದ್ದಾರೆ. ಇಬ್ಬರು ಹುಡುಗರು, ಒಬ್ಬಳು ಹುಡುಗಿ, ಮೂವರೂ ಇದೇ ಶಾಲೆಯವರು. ಹುಡುಗಿ ಬಂದಾಗ ಅವಳ ತಂದೆ, "ಗ್ಯಾರೇಜ್ ಕೆಲಸ ಹೆಣ್ಣುಮಕ್ಕಳಿಗೆ ಯಾಕಪ್ಪ?" ಅಂದಿದ್ದರು. ರಂಗೋಲಿಯಲ್ಲಿ ಪಳಗಿದ ಬೆರಳು ಅವಳದು. ಹಾಳೆಯ ಮೇಲೆ ಬ್ಲೇಡ್ ಎಳೆದರೆ ಕೆಳಗಿನ ಪೇಂಟಿಗೆ ಗೀರು ಬೀಳದಷ್ಟು ಹಗುರ. ಬ್ಲೇಡ್ ಕೆಲಸವನ್ನು ತಮ್ಮ ಈಗ ಅವಳಿಗೇ ಬಿಡುತ್ತಾನೆ, ಸಂಬಳವೂ ಹುಡುಗರಿಗಿಂತ ಐನೂರು ಹೆಚ್ಚು. ಅದಕ್ಕೆ ಹುಡುಗರು ಗೊಣಗುತ್ತಾರೆ, ಗೊಣಗಲಿ.

ಲಾಭ ಎಷ್ಟು ಅಂತ ಬೆಳಿಗ್ಗೆಯಿಂದ ಮೂರು ಜನ ಕೇಳಿದ್ದೀರಿ. ಕಂತು, ಬಾಡಿಗೆ, ಮೂವರ ಸಂಬಳ, ಸಾಮಾನು ಎಲ್ಲ ಕಳೆದು ಹೋದ ವರ್ಷ ಅವನಿಗೆ ತಿಂಗಳಿಗೆ ಸರಾಸರಿ ಮೂವತ್ತೆರಡು ಸಾವಿರ ಉಳಿದಿದೆ. ಆಷಾಢದಲ್ಲಿ ಕಡಿಮೆ, ಆಯುಧಪೂಜೆಯ ಹಿಂದೆ ಮುಂದೆ ಹೆಚ್ಚು. ನನ್ನ ಸಂಬಳಕ್ಕಿಂತ ಕಡಿಮೆಯೇ. ಆದರೆ ನನ್ನ ಕಂಪನಿಯಲ್ಲಿ ಹೋದ ವರ್ಷ ನನ್ನ ಪಕ್ಕದ ಸಾಲಿನ ಆರು ಜನರಿಗೆ ಒಂದೇ ಇಮೇಲಿನಲ್ಲಿ ಕೆಲಸ ಹೋಯಿತು. ಆ ರಾತ್ರಿ ತಮ್ಮ ಫೋನ್ ಮಾಡಿ, "ಅಣ್ಣ, ಇಲ್ಲೊಂದು ಸ್ಕ್ವೀಜಿ ನಿನ್ನ ಹೆಸರಲ್ಲಿ ಎತ್ತಿಟ್ಟಿರ್ತೀನಿ" ಅಂದ. ತಮಾಷೆಗೆ ಹೇಳಿದ್ದು, ಆದರೂ ನಿದ್ದೆ ಬಂತು.

ಕೊನೆಯದಾಗಿ ಮಕ್ಕಳಿಗೆ ಒಂದು ಸೂಚನೆ. ಹತ್ತನೆಯವರು ಪರೀಕ್ಷೆ ಮುಗಿದ ಮೇಲೆ ಏಪ್ರಿಲ್‌ನಲ್ಲಿ ಅಂಗಡಿಗೆ ಬಂದು ನೋಡಬಹುದು. ಭಾನುವಾರ ಬೇಡ, ಅವತ್ತು ಕೆಲಸ ಜಾಸ್ತಿ. ಯಾರಿಗೂ ದುಡ್ಡು ಕೊಡಬೇಕಿಲ್ಲ. ಮೊದಲ ವಾರ ಬರೀ ತೊಳೆಯುವುದು, ಒರೆಸುವುದು. ಅದಕ್ಕೆ ಬೇಜಾರಾಗದವರು ಎರಡನೇ ವಾರವೂ ಬನ್ನಿ, ಹಳೆಯ ಬಾನೆಟ್ ಒಂದು ಗೋಡೆಗೆ ಒರಗಿಸಿಟ್ಟಿದ್ದಾನೆ, ಅದರ ಮೇಲೆ ಕೈ ಪಳಗಿಸಿಕೊಳ್ಳಬಹುದು. ಬರುವವರು ತಮ್ಮನ ಹತ್ತಿರ ಈಗಲೇ ಹೆಸರು ಬರೆಸಿ. ಅವನು ಹಿಂದೆ ಅಡುಗೆ ಮನೆಯ ಹತ್ತಿರ ಇದ್ದಾನೆ, ನೀರಿನ ಟ್ಯಾಂಕರಿನ ಪಕ್ಕ, ನೀಲಿ ಅಂಗಿ.